ಬದುಕಿದ್ದಾಗ ಮುಖ ಬೇಡ, ಸತ್ತ ಮೇಲೆ ಹೆಣವೂ ಬೇಕು

ಹೆಣಕ್ಕೂ ಟಿಕೆಟ್ ಇಟ್ಟು ಮಾರಿದವರ ಮಾತಿನಿಂದಲೇ ಶುರು ಮಾಡುತ್ತೇನೆ. 1978ರಲ್ಲಿ ‘ಗೇಮ್ ಆಫ್ ಡೆತ್’ ಎಂಬ ಸಿನಿಮಾ ತೆರೆಗೆ ಬಂತು. ಅದರ ನಾಯಕ ಬ್ರೂಸ್ ಲೀ ಸತ್ತು ಆಗಲೇ ಐದು ವರ್ಷವಾಗಿತ್ತು. ಅವನು ಸಾಯುವ ಮೊದಲು ಚಿತ್ರೀಕರಿಸಿದ್ದ ಹೊಡೆದಾಟದಲ್ಲಿ ಹನ್ನೊಂದು ನಿಮಿಷದಷ್ಟನ್ನು ಇಟ್ಟುಕೊಂಡು, ಉಳಿದ ಚಿತ್ರಕ್ಕೆಲ್ಲ ಡ್ಯೂಪ್‌ಗಳನ್ನು ನಿಲ್ಲಿಸಿದರು. ಅವರಿಗೆ ಕಪ್ಪು ಕನ್ನಡಕ ಹಾಕಿದರು, ಸುಳ್ಳು ಗಡ್ಡ ಅಂಟಿಸಿದರು. ಒಂದು ಕಡೆಯಂತೂ ಕನ್ನಡಿಯ ಮೇಲೆ ಅವನ ಮುಖದ ರಟ್ಟು ಅಂಟಿಸಿ ಕೆಲಸ ಮುಗಿಸಿದರು. ಅಷ್ಟಕ್ಕೂ ಹೊಟ್ಟೆ ತುಂಬಲಿಲ್ಲ. ಕಥೆಯಲ್ಲಿ ನಾಯಕ ಸತ್ತಂತೆ ನಾಟಕವಾಡುವ ಒಂದು ಸನ್ನಿವೇಶವಿದೆ. ಅದಕ್ಕಾಗಿ ಹಾಂಗ್‌ಕಾಂಗ್‌ನಲ್ಲಿ ನಡೆದ ನಿಜವಾದ ಅಂತ್ಯಯಾತ್ರೆಯ ದೃಶ್ಯಗಳನ್ನು, ಶವಪೆಟ್ಟಿಗೆಯಲ್ಲಿ ಮಲಗಿದ್ದ ನಿಜವಾದ ಮುಖವನ್ನು ತಂದು ಜೋಡಿಸಿದರು.

ಪ್ರೇಕ್ಷಕ ದುಡ್ಡು ಕೊಟ್ಟು ಹೆಣ ನೋಡಿ ಬಂದ. ಯಾರಿಗೂ ನಾಚಿಕೆಯಾಗಲಿಲ್ಲ.

ಇದೇ ಮುಖ ಬದುಕಿದ್ದಾಗ ಇದೇ ಸಿನಿಮಾ ಲೋಕಕ್ಕೆ ಬೇಡವಾಗಿತ್ತು. ಅದನ್ನೇ ಹೇಳಬೇಕು ಎಂದು ಕೂತಿದ್ದೇನೆ. ಬ್ರೂಸ್ ಲೀಯ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಅವನ ಒದೆತದ ವೇಗ, ಹೊಟ್ಟೆಯ ಮೇಲಿನ ಗಂಟು ಗಂಟು ಸ್ನಾಯು, ನಂಚಾಕು ತಿರುಗಿಸುವ ಕೈಚಳಕ ಇವನ್ನೇ ಕೊಂಡಾಡಿ ಏಳುತ್ತಾರೆ. ಮೈಯನ್ನು ಹೊಗಳಿದರೆ ಯಾರಿಗೂ ಕಷ್ಟವಿಲ್ಲ. ಆ ಮೈಯ ಮೇಲೆ ಬಿದ್ದ ಅವಮಾನದ ಲೆಕ್ಕ ತೆಗೆದರೆ ಮಾತ್ರ ಕೆಲವರ ಬಾಯಿ ಕಹಿಯಾಗುತ್ತದೆ. ಆ ಕಹಿ ಬೇಕು.

ಅವನು ಹುಟ್ಟಿದ್ದು 1940ರ ನವೆಂಬರ್ 27ರಂದು, ಸ್ಯಾನ್ ಫ್ರಾನ್ಸಿಸ್ಕೋದ ಚೈನಾಟೌನ್ ಆಸ್ಪತ್ರೆಯಲ್ಲಿ. ಅಪ್ಪ ಲೀ ಹೊಯ್-ಚ್ಯುಯೆನ್ ಕ್ಯಾಂಟನೀಸ್ ಸಂಗೀತ ನಾಟಕದ ನಟ. ಕಂಪನಿಯ ಜೊತೆ ಅಮೆರಿಕಕ್ಕೆ ನಾಟಕವಾಡಲು ಬಂದಿದ್ದಾಗ ಮಗು ಹುಟ್ಟಿತು. ಚೀನೀ ಕೂಲಿಗಳು ಒಳಗೆ ಬರಬಾರದು ಎಂದು 1882ರಲ್ಲೇ ಕಾನೂನು ಮಾಡಿದ್ದ ದೇಶ ಅದು. ರೈಲುಹಳಿ ಹಾಕಲು ಚೀನೀಯರ ಬೆನ್ನು ಬೇಕಾಗಿತ್ತು. ಹಳಿ ಹಾಕಿ ಮುಗಿದ ಮೇಲೆ ಆ ಬೆನ್ನಿನ ಮೇಲಿದ್ದ ಮುಖ ಬೇಡವಾಯಿತು. ಆ ಕಾನೂನು ರದ್ದಾದದ್ದು 1943ರಲ್ಲಿ. ರದ್ದು ಮಾಡಿದ ಮಹಾನುಭಾವರು ಚೀನೀಯರಿಗೆ ಕೊಟ್ಟ ಪಾಲು ಎಷ್ಟು ಗೊತ್ತೆ? ವರ್ಷಕ್ಕೆ 105 ಜನ. ಒಂದು ಮಹಾದೇಶಕ್ಕೆ ಎರಡು ಬಸ್ಸಿನಷ್ಟು ಜಾಗ!

ಮಗು ಕೈಗೂಸಾಗಿದ್ದಾಗಲೇ ಸಂಸಾರ ಹಾಂಗ್‌ಕಾಂಗ್‌ಗೆ ಮರಳಿತು. ಅಲ್ಲಿ ಬ್ರಿಟಿಷರ ಆಳ್ವಿಕೆ. 1941ರ ಡಿಸೆಂಬರ್‌ನಲ್ಲಿ ಜಪಾನೀಯರು ನುಗ್ಗಿದರು, 1945ರಲ್ಲಿ ಮತ್ತೆ ಬ್ರಿಟಿಷರು ಬಂದರು. ಒಬ್ಬ ದೊರೆಯ ಬೂಟು ಹೋಗಿ ಇನ್ನೊಬ್ಬ ದೊರೆಯ ಬೂಟು ಬರುವುದನ್ನು ನೋಡುತ್ತ ಬೆಳೆದ ಹುಡುಗ ಅವನು. ಬಾಲನಟನಾಗಿ ಇಪ್ಪತ್ತರಷ್ಟು ಸಿನಿಮಾ ಮಾಡಿದ. ಬೀದಿಯಲ್ಲಿ ಹೊಡೆದಾಡಿದ. 1958ರಲ್ಲಿ ಚಾ-ಚಾ ನೃತ್ಯ ಸ್ಪರ್ಧೆಯಲ್ಲಿ ಗೆದ್ದ. ಇಪ್ ಮ್ಯಾನ್ ಎಂಬ ಗುರುವಿನ ಬಳಿ ವಿಂಗ್ ಚುನ್ ಕಲಿತ.

ಇಲ್ಲಿ ನಿಲ್ಲಿ. ಬಿಳಿಯರನ್ನು ಬಯ್ದು ಕೈತೊಳೆದುಕೊಳ್ಳುವ ಬರಹ ಇದಲ್ಲ. ಲೀಯ ತಾಯಿ ಗ್ರೇಸ್ ಹೋ ಅವರ ರಕ್ತದಲ್ಲಿ ಯುರೋಪಿನ ಪಾಲಿತ್ತು. ಅದು ತಿಳಿದಾಗ ಜೊತೆಗಿದ್ದ ಕೆಲವು ಶಿಷ್ಯರೇ ಅವನೊಂದಿಗೆ ಅಭ್ಯಾಸ ಮಾಡಲು ಒಪ್ಪಲಿಲ್ಲ. ಪೂರ್ತಿ ಚೀನೀಯನಲ್ಲದವನಿಗೆ ವಿದ್ಯೆ ಯಾಕೆ ಎಂಬ ತಕರಾರು. ಈ ರಾಗ ನಮಗೆ ಹೊಸದೇನಲ್ಲ. ಹುಟ್ಟು ಕೇಳಿ ವಿದ್ಯೆ ಕೊಡುವವರು, ಕೊಡದೆಯೂ ಹೆಬ್ಬೆರಳು ಕೇಳುವವರು ನಮ್ಮ ಪುರಾಣದಲ್ಲೂ ಇದ್ದಾರೆ, ನಮ್ಮ ಊರುಗಳಲ್ಲೂ ಇದ್ದಾರೆ. ಏಕಲವ್ಯ ಬೆರಳು ಕೊಟ್ಟು ಕಾಡಿಗೆ ಹೋದ. ಲೀ ಬೆರಳು ಕೊಡಲಿಲ್ಲ. ಕೆಲವೇ ಹಿರಿಯ ಶಿಷ್ಯರ ಜೊತೆ ಕಲಿಕೆ ಮುಂದುವರಿಸಿದ, ಮುಂದೆ ಕಲಿಸಲು ಕೂತಾಗ ಯಾರ ಹುಟ್ಟನ್ನೂ ಕೇಳಲಿಲ್ಲ.

1959ರಲ್ಲಿ ಜೇಬಿನಲ್ಲಿ ನೂರು ಡಾಲರ್ ಇಟ್ಟುಕೊಂಡು ಹಡಗಿನಲ್ಲಿ ಅಮೆರಿಕಕ್ಕೆ ಹೋದ. ಸಿಯಾಟಲ್‌ನಲ್ಲಿ ರೂಬಿ ಚೌ ಅವರ ಹೋಟೆಲಿನಲ್ಲಿ ಮಾಣಿಯಾದ. ತಟ್ಟೆ ಎತ್ತುತ್ತಲೇ ಓದಿ 1961ರಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾಲಯ ಸೇರಿದ. ಅಮೆರಿಕದಲ್ಲಿ ಅವನ ಮೊದಲ ಶಿಷ್ಯ ಜೆಸ್ಸಿ ಗ್ಲೋವರ್ ಎಂಬ ಕಪ್ಪು ವರ್ಣೀಯ. ಪೊಲೀಸರ ಏಟು ತಿಂದು, ತನ್ನನ್ನು ತಾನು ಕಾಪಾಡಿಕೊಳ್ಳಬೇಕೆಂದು ಕಲಿಯಲು ಬಂದವನು. ಕರಿಯರು, ಬಿಳಿಯರು, ಜಪಾನೀ ಮೂಲದವರು ಎಲ್ಲರೂ ಒಂದೇ ಅಂಗಳದಲ್ಲಿ ಕಲಿಯುತ್ತಿದ್ದ ಗುಂಪು ಅದು. ಆ ಕಾಲದ ಅಮೆರಿಕದಲ್ಲಿ ಎಷ್ಟೋ ಕಡೆ ಶಾಲೆ, ಬಸ್ಸು, ಹೋಟೆಲುಗಳಲ್ಲಿ ಬಣ್ಣ ನೋಡಿ ಕೂರಿಸುತ್ತಿದ್ದರು ಎಂಬುದನ್ನು ನೆನಪಿಟ್ಟುಕೊಳ್ಳಿ.

1964ರಲ್ಲಿ ಓಕ್ಲೆಂಡ್‌ನಲ್ಲಿ ವಾಂಗ್ ಜ್ಯಾಕ್ ಮ್ಯಾನ್ ಎಂಬ ಕುಂಗ್ ಫೂ ಗುರುವಿನ ಜೊತೆ ಮುಚ್ಚಿದ ಬಾಗಿಲ ಹಿಂದೆ ಲೀಯ ಕಾಳಗ ನಡೆಯಿತು. ಚೀನೀಯರಲ್ಲದವರಿಗೆ ಕಲಿಸುವುದನ್ನು ನಿಲ್ಲಿಸು ಎಂಬ ಬೆದರಿಕೆಯೇ ಅದಕ್ಕೆ ಕಾರಣ ಎಂದು ಲೀಯ ಹೆಂಡತಿ ಲಿಂಡಾ ಬರೆದಿದ್ದಾರೆ. ವಾಂಗ್ ಇದನ್ನು ಒಪ್ಪಲಿಲ್ಲ. ಕಾರಣ ಏನೇ ಇರಲಿ, ಲೀ ಕಲಿಸುವುದನ್ನು ನಿಲ್ಲಿಸಲಿಲ್ಲ. ಆ ವರ್ಷವೇ ಆಗಸ್ಟ್‌ನಲ್ಲಿ ಅವನು ಬಿಳಿಯರ ಹುಡುಗಿ ಲಿಂಡಾಳನ್ನು ಮದುವೆಯಾದ. ಆಕೆಯ ಮನೆಯವರು ವಿರೋಧಿಸಿದರು. ಅಮೆರಿಕದ ಹಲವು ರಾಜ್ಯಗಳಲ್ಲಿ ಇಂಥ ಮದುವೆ ಆಗ ಅಪರಾಧವಾಗಿತ್ತು. ಅಲ್ಲಿನ ಸುಪ್ರೀಂ ಕೋರ್ಟ್ ಆ ಕಾನೂನುಗಳನ್ನು ತೊಡೆದುಹಾಕಿದ್ದು 1967ರಲ್ಲಿ. ಜಾತಿ ಮೀರಿ ಪ್ರೀತಿಸಿದ ಮಕ್ಕಳನ್ನು ಮರ್ಯಾದೆಯ ಹೆಸರಲ್ಲಿ ಕೊಲ್ಲುವ ನಾಡಿನಲ್ಲಿ ಕೂತು ಇದನ್ನು ಓದುತ್ತಿರುವವರಿಗೆ ನಾನು ಇನ್ನೇನೂ ಬಿಡಿಸಿ ಹೇಳಬೇಕಾಗಿಲ್ಲ.

ಈಗ ಹಾಲಿವುಡ್‌ನ ಕೂಲಿ ಪಟ್ಟಿ ನೋಡೋಣ. 1966ರಲ್ಲಿ ‘ದಿ ಗ್ರೀನ್ ಹಾರ್ನೆಟ್’ ಎಂಬ ಟಿವಿ ಧಾರಾವಾಹಿ ಬಂತು. ಬಿಳಿಯ ನಾಯಕ ವ್ಯಾನ್ ವಿಲಿಯಮ್ಸ್. ಅವನ ಕಾರು ಓಡಿಸುವ, ಅವನ ಪರವಾಗಿ ಹೊಡೆದಾಡುವ ಆಳು ಕೇಟೋ. ಆ ಆಳು ನಮ್ಮ ಬ್ರೂಸ್ ಲೀ. ನಾಯಕನಿಗೆ ವಾರಕ್ಕೆ 2,000 ಡಾಲರ್, ಲೀಗೆ 400. ಹೊಡೆದಾಟದ ದಣಿವೆಲ್ಲ ಇವನದು, ಮಾತೆಲ್ಲ ಅವನದು. 26 ಕಂತಿಗೆ ಧಾರಾವಾಹಿ ನಿಂತುಹೋಯಿತು. ತಮಾಷೆಯೆಂದರೆ ಹಾಂಗ್‌ಕಾಂಗ್‌ನ ಜನ ಅದನ್ನು ‘ಕೇಟೋ ಶೋ’ ಎಂದೇ ಕರೆದರು. ನಾಯಕ ಯಾರು, ಆಳು ಯಾರು ಎಂದು ತೀರ್ಮಾನ ಮಾಡಲು ಆ ಜನಕ್ಕೆ ಹಾಲಿವುಡ್‌ನ ಅಪ್ಪಣೆ ಬೇಕಿರಲಿಲ್ಲ.

ಆಮೇಲಿನ ವರ್ಷಗಳಲ್ಲಿ ಹಾಲಿವುಡ್‌ನ ದೊಡ್ಡ ತಲೆಗಳು ಅವನ ಮನೆಯಂಗಳಕ್ಕೆ ಬಂದು ವಿದ್ಯೆ ಕಲಿತವು. ಸ್ಟೀವ್ ಮೆಕ್ವೀನ್ ಬಂದ, ಜೇಮ್ಸ್ ಕೋಬರ್ನ್ ಬಂದ, ಚಿತ್ರಕಥೆಗಾರ ಸ್ಟರ್ಲಿಂಗ್ ಸಿಲಿಫಾಂಟ್ ಬಂದ. ಗುರುವಾಗಿ ಲೀ ಬೇಕು. ನಾಯಕನಾಗಿ ಬೇಡ. 1970ರಲ್ಲಿ ಭಾರ ಎತ್ತುವಾಗ ಬೆನ್ನಿಗೆ ಪೆಟ್ಟಾಗಿ ಆರು ತಿಂಗಳು ಹಾಸಿಗೆ ಹಿಡಿದ. ಇನ್ನು ಒದೆಯಲು ಆಗುವುದಿಲ್ಲ ಎಂದರು ವೈದ್ಯರು. ಮಲಗಿದ್ದಲ್ಲೇ ಬರೆದ, ಎದ್ದು ಒದ್ದ.

ಅದೇ ಹೊತ್ತಿಗೆ ವಾರ್ನರ್ ಬ್ರದರ್ಸ್‌ನಲ್ಲಿ ‘ಕುಂಗ್ ಫೂ’ ಎಂಬ ಧಾರಾವಾಹಿ ತಯಾರಾಗುತ್ತಿತ್ತು. ಹತ್ತೊಂಬತ್ತನೆಯ ಶತಮಾನದ ಅಮೆರಿಕದಲ್ಲಿ ಅಲೆಯುವ ಶಾವೊಲಿನ್ ಸನ್ಯಾಸಿಯ ಕಥೆ. ಲೀ ಹೆಸರು ಪರಿಗಣನೆಗೆ ಬಂದು ಬಿದ್ದುಹೋಯಿತು. ಪಾತ್ರ ಸಿಕ್ಕಿದ್ದು ಡೇವಿಡ್ ಕ್ಯಾರಡೀನ್‌ಗೆ. ಅವನು ಬಿಳಿಯ, ಕುಂಗ್ ಫೂ ಗೊತ್ತಿಲ್ಲದವನು. 1972ರ ಫೆಬ್ರುವರಿಯಲ್ಲಿ ಅದು ಪ್ರಸಾರವಾಯಿತು, ಅಮೆರಿಕದ ಮನೆಮನೆಯಲ್ಲಿ ಕುಂಗ್ ಫೂ ಅಂದರೆ ಕ್ಯಾರಡೀನ್ ಎಂದಾಯಿತು. ಇದು ಅಪವಾದವಲ್ಲ, ಆ ಊರಿನ ಪದ್ಧತಿ. ಚಾರ್ಲಿ ಚಾನ್ ಎಂಬ ಚೀನೀ ಪತ್ತೇದಾರನ ಪಾತ್ರಕ್ಕೆ ಸ್ವೀಡನ್ನಿನಲ್ಲಿ ಹುಟ್ಟಿದ ವಾರ್ನರ್ ಓಲಂಡ್. 1937ರ ‘ದಿ ಗುಡ್ ಅರ್ಥ್’ನಲ್ಲಿ ಚೀನೀ ರೈತ ಹೆಂಗಸಾಗಿ ಲೂಯಿಸ್ ರೈನರ್, ಅದಕ್ಕೆ ಆಸ್ಕರ್ ಬೇರೆ! ಅದೇ ಊರಿನಲ್ಲಿದ್ದ ಚೀನೀ ಮೂಲದ ತಾರೆ ಅನ್ನಾ ಮೇ ವಾಂಗ್‌ಗೆ ಆ ಪಾತ್ರ ದಕ್ಕಲಿಲ್ಲ. ಕಣ್ಣಿನ ಅಂಚಿಗೆ ಬಣ್ಣ ಬಳಿದುಕೊಂಡ ಬಿಳಿಯರು ಚೀನೀಯರಾಗಬಹುದು. ಚೀನೀಯರು ಮಾತ್ರ ಚೀನೀಯರಾಗುವಂತಿಲ್ಲ.

1971ರ ಡಿಸೆಂಬರ್‌ನಲ್ಲಿ ಪಿಯರ್ ಬರ್ಟನ್ ಎಂಬ ಕೆನಡಾದ ಪತ್ರಕರ್ತ ಟಿವಿ ಸಂದರ್ಶನದಲ್ಲಿ ಈ ಬಗ್ಗೆ ಕೇಳಿದಾಗ ಲೀ ಸಮಾಧಾನದಿಂದಲೇ ಉತ್ತರಿಸಿದ. ಅವರು ವ್ಯಾಪಾರದ ದೃಷ್ಟಿಯಿಂದ ಹೆದರುತ್ತಾರೆ, ಅವರದು ತಪ್ಪೆಂದು ನಾನು ಹೇಳುವುದಿಲ್ಲ, ಹಾಂಗ್‌ಕಾಂಗ್‌ನಲ್ಲಿ ದುಡ್ಡು ಹಾಕುವವನು ನಾನಾಗಿದ್ದು ಪರದೇಶದ ನಟ ಬಂದಿದ್ದರೆ ನನಗೂ ಆ ಅಳುಕು ಇರುತ್ತಿತ್ತು ಎಂಬ ಅರ್ಥದಲ್ಲಿ ಮಾತಾಡಿದ. ನನಗೆ ಕೋಪ ಬರುವುದು ಈ ಸೌಜನ್ಯ ಕಂಡಾಗ. ಅವಮಾನ ಉಂಡವನೇ ಅವಮಾನ ಮಾಡಿದವನ ಲೆಕ್ಕಪುಸ್ತಕ ಹಿಡಿದು ಸಮರ್ಥಿಸಬೇಕು! ಮಾರುಕಟ್ಟೆ ಒಪ್ಪುವುದಿಲ್ಲ ಎಂಬ ಮಾತಿಗಿಂತ ನಯವಾದ ಅಸ್ಪೃಶ್ಯತೆ ಇನ್ನೊಂದಿಲ್ಲ. ಮುಟ್ಟುವುದಿಲ್ಲ ಎಂದು ಬಾಯಿಬಿಟ್ಟು ಹೇಳಬೇಕಾಗಿಲ್ಲ. ಜನ ನೋಡುವುದಿಲ್ಲ ಸ್ವಾಮಿ ಎಂದರೆ ಸಾಕು.

ಜನ ನೋಡಿದರು. ಬಾಗಿಲು ಮುರಿದು ನೋಡಿದರು.

ಹಾಂಗ್‌ಕಾಂಗ್‌ನ ಗೋಲ್ಡನ್ ಹಾರ್ವೆಸ್ಟ್ ಸಂಸ್ಥೆಯ ರೇಮಂಡ್ ಚೌ ಎರಡು ಸಿನಿಮಾಕ್ಕೆ ಒಟ್ಟು 15,000 ಡಾಲರ್ ಮಾತಾಡಿದ. ಮೊದಲನೆಯದು 1971ರ ‘ದಿ ಬಿಗ್ ಬಾಸ್’. ಹಾಂಗ್‌ಕಾಂಗ್‌ನ ಗಳಿಕೆಯ ದಾಖಲೆ ಮುರಿಯಿತು. 1972ರ ‘ಫಿಸ್ಟ್ ಆಫ್ ಫ್ಯೂರಿ’ ಅದನ್ನು ಮುರಿಯಿತು. ಅದೇ ವರ್ಷ ಅವನೇ ಬರೆದು ನಿರ್ದೇಶಿಸಿದ ‘ವೇ ಆಫ್ ದಿ ಡ್ರ್ಯಾಗನ್’ ಅದನ್ನೂ ಮುರಿಯಿತು.

‘ದಿ ಬಿಗ್ ಬಾಸ್’ ಬಗ್ಗೆ ಎರಡು ಮಾತು ಹೆಚ್ಚಿಗೆ ಹೇಳಬೇಕು. ಹೊಡೆದಾಟದ ಸಿನಿಮಾ ಎಂದು ಪಕ್ಕಕ್ಕಿಡುವವರು ಅದರ ಕಥೆಯನ್ನೇ ನೋಡಿಲ್ಲ. ಥಾಯ್ಲೆಂಡಿನ ಐಸ್ ಫ್ಯಾಕ್ಟರಿಯಲ್ಲಿ ದುಡಿಯುವ ಚೀನೀ ವಲಸೆ ಕೂಲಿಗಳು. ಐಸ್ ಗಡ್ಡೆಯೊಳಗೆ ಮಾದಕ ವಸ್ತು ಸಾಗಿಸುವ ಮಾಲೀಕ. ಗುಟ್ಟು ಕಂಡ ಕೂಲಿಗಳು ಒಬ್ಬೊಬ್ಬರಾಗಿ ಕಾಣೆಯಾಗುತ್ತಾರೆ. ಉಳಿದವರು ಕೆಲಸ ನಿಲ್ಲಿಸಿ ಎದುರು ನಿಲ್ಲುತ್ತಾರೆ. ಆಗ ಮಾಲೀಕನ ಕಡೆಯವರು ಏನು ಮಾಡುತ್ತಾರೆ? ಲೀ ಮಾಡಿದ ಪಾತ್ರವಾದ ಚೆಂಗ್‌ಗೆ ಮೇಸ್ತ್ರಿ ಪಟ್ಟ ಕಟ್ಟುತ್ತಾರೆ. ಊಟಕ್ಕೆ ಕರೆದು ಹೆಂಡ ಕುಡಿಸುತ್ತಾರೆ. ನಿನ್ನೆಯವರೆಗೆ ಜೊತೆಗೆ ಐಸ್ ಹೊತ್ತವನು ಇವತ್ತು ಮೇಸ್ತ್ರಿ. ಗೆಳೆಯರು ಅವನನ್ನು ಅನುಮಾನದಿಂದ ನೋಡುತ್ತಾರೆ. ಹೋರಾಟ ಒಡೆಯಲು ಹೋರಾಟಗಾರನಿಗೇ ಕುರ್ಚಿ ಕೊಡುವ ಈ ಹಳೆಯ ಆಟ ನಮ್ಮ ದಲಿತ ಚಳವಳಿಗೆ, ರೈತ ಚಳವಳಿಗೆ, ಕಾರ್ಮಿಕ ಸಂಘಗಳಿಗೆ ಗೊತ್ತಿಲ್ಲವೆ? ಎಷ್ಟು ಮೇಸ್ತ್ರಿಗಳನ್ನು ನೋಡಿಲ್ಲ ನಾವು, ನಿಗಮ ಮಂಡಳಿಯ ಕಾರಿನಲ್ಲಿ ಹೋಗುವವರನ್ನು?

‘ಫಿಸ್ಟ್ ಆಫ್ ಫ್ಯೂರಿ’ ಪರಕೀಯರ ಹಿಡಿತದಲ್ಲಿದ್ದ ಶಾಂಘೈನ ಕಥೆ. ನಾಯಿಗಳಿಗೂ ಚೀನೀಯರಿಗೂ ಪ್ರವೇಶವಿಲ್ಲ ಎಂಬ ಫಲಕವನ್ನು ಲೀ ಹಾರಿ ಒದ್ದು ಚೂರು ಮಾಡುತ್ತಾನೆ. ಅಂಥದ್ದೇ ಒಕ್ಕಣೆಯ ಫಲಕ ನಿಜಕ್ಕೂ ಇತ್ತೇ ಎಂದು ಇತಿಹಾಸಕಾರರು ಇನ್ನೂ ವಾದಿಸುತ್ತಾರೆ. ವಾದಿಸಲಿ. ಶಾಂಘೈನ ಹುವಾಂಗ್‌ಪು ಉದ್ಯಾನಕ್ಕೆ 1928ರವರೆಗೆ ಚೀನೀಯರನ್ನು ಬಿಡುತ್ತಿರಲಿಲ್ಲ ಎಂಬುದರಲ್ಲಿ ವಾದವಿಲ್ಲ. ಅವರ ನೆಲ, ಅವರ ನದಿ, ಅವರಿಗೇ ಪ್ರವೇಶವಿಲ್ಲ. ಬಾವಿಗೂ ದೇವಸ್ಥಾನಕ್ಕೂ ಫಲಕವೇ ಇಲ್ಲದೆ ಪ್ರವೇಶ ನಿರಾಕರಿಸಿದ ಸಮಾಜದವರು ನಾವು, ಆ ಒದೆತದ ಬೆಲೆ ನಮಗೆ ಗೊತ್ತಾಗಬೇಕು.

ಹಾಗೆಂದು ಆ ಸಿನಿಮಾವನ್ನು ಪೂಜೆಗಿಡಲಾರೆ. ಅದರಲ್ಲಿ ಜಪಾನೀಯರೆಲ್ಲ ದುಷ್ಟರು ಇಲ್ಲವೇ ಕೋಡಂಗಿಗಳು. ದ್ವೇಷಕ್ಕೆ ದ್ವೇಷವನ್ನೇ ಮರುಪಾವತಿ ಮಾಡಿದ ಚಿತ್ರ. ಮುಂದೆ ‘ಎಂಟರ್ ದಿ ಡ್ರ್ಯಾಗನ್’ನಲ್ಲಿ ಲೀ ಬ್ರಿಟಿಷ್ ಗೂಢಚಾರರ ಕೆಲಸಕ್ಕೆ ಹೋಗುತ್ತಾನೆ. ಫಲಕ ಒದ್ದವನು ಫಲಕ ಹಾಕಿದವರ ಚಾಕರಿಗೆ! ಇನ್ನೂ ಒಂದಿದೆ. ಈ ಎಲ್ಲ ಚಿತ್ರಗಳಲ್ಲೂ ಬಿಡುಗಡೆ ಒಬ್ಬನ ಮುಷ್ಟಿಯಿಂದ ಬರುತ್ತದೆ. ಐಸ್ ಫ್ಯಾಕ್ಟರಿಯ ಕೂಲಿಗಳು ಒಟ್ಟಾಗಿ ನಿಂತದ್ದು ಅರ್ಧದಲ್ಲೇ ಮರೆತುಹೋಗುತ್ತದೆ, ಕೊನೆಗೆ ಒಬ್ಬನೇ ಹೋಗಿ ಮಾಲೀಕನನ್ನು ಮುಗಿಸುತ್ತಾನೆ, ಪೊಲೀಸರು ಅವನಿಗೆ ಬೇಡಿ ಹಾಕುತ್ತಾರೆ. ಸಿನಿಮಾಕ್ಕೆ ನಾಯಕ ಬೇಕು, ಸಂಘ ಬೇಡ. ಟಿಕೆಟ್ ಮಾರುವವನಿಗೂ ಅದೇ ಬೇಕು, ಫ್ಯಾಕ್ಟರಿ ನಡೆಸುವವನಿಗೂ ಅದೇ ಬೇಕು.

ಹಾಂಗ್‌ಕಾಂಗ್‌ನ ದುಡ್ಡು ಎಣಿಸಿದ ಮೇಲೆ ಹಾಲಿವುಡ್‌ಗೆ ಕಣ್ಣು ಬಂತು. ಅದೇ ವಾರ್ನರ್ ಬ್ರದರ್ಸ್ ಎಂಟೂವರೆ ಲಕ್ಷ ಡಾಲರ್ ಹಾಕಿ ‘ಎಂಟರ್ ದಿ ಡ್ರ್ಯಾಗನ್’ ತೆಗೆಯಿತು. ಲೀ ಆಗ ಒಣಗಿದ ಕಡ್ಡಿಯಾಗಿದ್ದ. 1973ರ ಮೇ 10ರಂದು ಡಬ್ಬಿಂಗ್ ಕೋಣೆಯಲ್ಲಿ ಕುಸಿದುಬಿದ್ದ, ಮಿದುಳು ಊದಿಕೊಂಡಿತ್ತು. ಎಚ್ಚರಿಕೆ ಸಾಕಷ್ಟಿತ್ತು, ಬಿಡುವು ಇರಲಿಲ್ಲ. ಜುಲೈ 20ರಂದು ನಟಿ ಬೆಟ್ಟಿ ಟಿಂಗ್ ಪೇ ಅವರ ಮನೆಯಲ್ಲಿ ತಲೆನೋವೆಂದು ಒಂದು ಮಾತ್ರೆ ನುಂಗಿ ಮಲಗಿದವನು ಏಳಲಿಲ್ಲ. ವಯಸ್ಸು 32. ಸಿಯಾಟಲ್‌ನಲ್ಲಿ ಮಣ್ಣು ಮಾಡಿದರು. ಒಂದು ತಿಂಗಳ ನಂತರ ಅಮೆರಿಕದಲ್ಲಿ ತೆರೆಕಂಡ ಸಿನಿಮಾ ಕೋಟಿಗಟ್ಟಲೆ ಬಾಚಿತು. ಜನ ನೋಡುವುದಿಲ್ಲ ಎಂದಿದ್ದ ಮುಖವನ್ನು ಜಗತ್ತೇ ನೋಡಿತು. ನೋಡಿದ್ದನ್ನು ನೋಡಲು ಅವನಿರಲಿಲ್ಲ.

ಅಲ್ಲಿಂದ ಶುರುವಾಯಿತು ಹದ್ದುಗಳ ಸಂತೆ. ಬ್ರೂಸ್ ಲಿ, ಬ್ರೂಸ್ ಲೆ, ಡ್ರ್ಯಾಗನ್ ಲೀ ಎಂದು ಹೆಸರು ತಿರುಚಿ, ಅವನಂತೆ ಕೂದಲು ಕತ್ತರಿಸಿ, ಅವನಂತೆ ಕಿರುಚಿಸಿ ಸಾಲುಸಾಲು ಸಿನಿಮಾ ತೆಗೆದರು. 1977ರ ಒಂದು ಚಿತ್ರದಲ್ಲಂತೂ ಸತ್ತ ಲೀಯನ್ನು ಪಾತಾಳಲೋಕಕ್ಕೆ ಕಳಿಸಿ, ಡ್ರಾಕುಲಾ, ಜೇಮ್ಸ್ ಬಾಂಡ್‌ಗಳ ಜೊತೆ ಹೊಡೆದಾಡಿಸಿದರು. ಸತ್ತವನಿಗೆ ಅಲ್ಲೂ ಬಿಡುವು ಕೊಡಲಿಲ್ಲ. ವಿಷ ಹಾಕಿದರಂತೆ, ಮಾಫಿಯಾ ಕೊಂದಿತಂತೆ, ಮಾಟವಂತೆ ಎಂಬ ಕಟ್ಟುಕಥೆಗಳೂ ಮಾರಾಟವಾದವು. ಹಾಂಗ್‌ಕಾಂಗ್‌ನ ವಿಚಾರಣಾ ನ್ಯಾಯಾಲಯ ಅದು ಆಕಸ್ಮಿಕ ಸಾವು ಎಂದು ತೀರ್ಪು ಕೊಟ್ಟಿತು. ತೀರ್ಪಿಗೆ ಗಿರಾಕಿಗಳಿಲ್ಲ.

ಶಾಪದ ಕಥೆಗಂತೂ ಭಾರಿ ಬೇಡಿಕೆ. 1993ರ ಮಾರ್ಚ್ 31ರಂದು ಮಗ ಬ್ರ್ಯಾಂಡನ್ ಲೀ ‘ದಿ ಕ್ರೋ’ ಚಿತ್ರೀಕರಣದಲ್ಲಿ ಗುಂಡೇಟಿಗೆ ಸತ್ತ. ವಯಸ್ಸು 28. ಲೀ ಮನೆತನಕ್ಕೆ ಶಾಪವಿದೆ ಎಂದು ಪತ್ರಿಕೆಗಳು ಬರೆದವು. ಯಾವ ಶಾಪ? ನಿಜವಾದ ತೋಟಾಗಳಿಂದ ಮದ್ದು ತೆಗೆದು ಡಮ್ಮಿ ಮಾಡಿದ್ದರು. ಅದರ ಸೀಸದ ಗುಂಡು ಪಿಸ್ತೂಲಿನ ನಳಿಕೆಯಲ್ಲಿ ಸಿಕ್ಕಿಕೊಂಡಿತ್ತು. ಅದನ್ನು ಯಾರೂ ಪರೀಕ್ಷಿಸಲಿಲ್ಲ. ಆಮೇಲೆ ಅದೇ ಪಿಸ್ತೂಲಿಗೆ ಸದ್ದಿನ ತೋಟಾ ಹಾಕಿ ಹಾರಿಸಿದಾಗ ಒಳಗಿದ್ದ ಗುಂಡು ಹೊಟ್ಟೆಗೆ ಹೊಕ್ಕಿತು. ಉಳಿತಾಯ, ಅವಸರ, ಅಸಡ್ಡೆ ಮೂರೂ ಸೇರಿ ಮಾಡಿದ ಸಾವನ್ನು ಶಾಪದ ತಲೆಗೆ ಕಟ್ಟಿದರೆ ನಿರ್ಮಾಪಕ ಪಾರಾಗುತ್ತಾನೆ. ಯಾರ ಮೇಲೂ ಕ್ರಿಮಿನಲ್ ಮೊಕದ್ದಮೆ ಹೂಡಲಿಲ್ಲ. ಬೇರೆಯವರ ಮೈಗೆ ಬ್ರ್ಯಾಂಡನ್ ಮುಖ ಜೋಡಿಸಿ ಸಿನಿಮಾ ಮುಗಿಸಿದರು, ಮರುವರ್ಷ ಬಿಡುಗಡೆ ಮಾಡಿದರು. ಅಪ್ಪನಿಗೆ ರಟ್ಟಿನ ಮುಖ, ಮಗನಿಗೆ ಕಂಪ್ಯೂಟರ್ ಮುಖ. ತಂತ್ರಜ್ಞಾನ ಬೆಳೆಯಿತು, ಬುದ್ಧಿ ಅಲ್ಲೇ ಇತ್ತು.

ಜನ ಮಾತ್ರ ಬೇರೆ ಥರ ನಡೆದುಕೊಂಡರು. ಯುದ್ಧದಲ್ಲಿ ಒಡೆದು ಹೋಳಾಗಿದ್ದ ಬೋಸ್ನಿಯಾದ ಮೊಸ್ತಾರ್ ಊರಿನ ಯುವಕರು 2005ರಲ್ಲಿ ಒಂದು ಪ್ರತಿಮೆ ನಿಲ್ಲಿಸಿದರು. ಕ್ರೊವಾಟರ ವೀರನಾದರೆ ಬೋಸ್ನಿಯಾಕರಿಗೆ ಆಗದು, ಅವರವನಾದರೆ ಇವರಿಗೆ ಆಗದು. ಎರಡೂ ಕಡೆಯವರು ಒಪ್ಪಿದ ಒಬ್ಬನೇ ಒಬ್ಬ ಬ್ರೂಸ್ ಲೀ. 2019ರಲ್ಲಿ ಹಾಂಗ್‌ಕಾಂಗ್‌ನ ಬೀದಿಗಿಳಿದ ಯುವಕರು ನೀರಿನಂತೆ ಹರಿಯಬೇಕೆಂಬ ಅವನ ಮಾತನ್ನೇ ಹೋರಾಟದ ತಂತ್ರ ಮಾಡಿಕೊಂಡರು. ಅದೇ ವರ್ಷ ಅದೇ ಊರಿನಲ್ಲಿ ಅವನು ಕೊನೆಗಾಲದಲ್ಲಿ ಬಾಳಿದ್ದ, ಆಮೇಲೆ ಗಂಟೆ ಲೆಕ್ಕದ ಲಾಡ್ಜ್ ಆಗಿಹೋಗಿದ್ದ ಮನೆಯನ್ನು ಕೆಡವಿದರು. ಅವನ ಹೆಸರಿನಲ್ಲಿ ದುಡಿದ ಸಿನಿಮಾ ಲೋಕಕ್ಕೆ ನಾಲ್ಕು ಗೋಡೆ ಉಳಿಸಿಕೊಳ್ಳಲಾಗಲಿಲ್ಲ.

ನಮ್ಮ ಕಡೆಗೂ ಬರೋಣ. ಕರ್ನಾಟಕದ ಕ್ಷೌರದಂಗಡಿಗಳಲ್ಲಿ, ಕರಾಟೆ ಕ್ಲಾಸುಗಳಲ್ಲಿ, ಜಿಮ್ಮುಗಳ ಗೋಡೆಗಳ ಮೇಲೆ ಇವನ ಪೋಸ್ಟರ್ ಎಷ್ಟು ಕಾಲದಿಂದ ಇದೆ! ಕೇರಿಯ ಹುಡುಗರಿಗೆ ಇವನು ಹತ್ತಿರದವನು ಅನಿಸಿದ್ದಕ್ಕೆ ಕಾರಣ ಹುಡುಕಬೇಕಾಗಿಲ್ಲ. ಸಣ್ಣ ಮೈ, ಬರಿಗೈ, ಎದುರಿಗೆ ದೊಡ್ಡವರು. ಆದರೆ ನಮ್ಮ ಸಿನಿಮಾದಲ್ಲಿ ಆ ಹುಡುಗರ ಮುಖ ಎಲ್ಲಿದೆ? ನಾಯಕನ ಒದೆ ತಿಂದು ತರಕಾರಿ ಗಾಡಿಯ ಮೇಲೆ ಬೀಳುವ ರೌಡಿಗಳ ಗುಂಪಿನಲ್ಲಿದೆ. ಕಪ್ಪಗಿದ್ದರೆ ಕೇಡಿ, ಬೆಳ್ಳಗಿದ್ದರೆ ನಾಯಕಿ. ಯಾಕೆ ಎಂದು ಕೇಳಿದರೆ ಗಾಂಧಿನಗರವೂ ಹಾಲಿವುಡ್‌ನ ಉತ್ತರವನ್ನೇ ಕೊಡುತ್ತದೆ: ಜನ ನೋಡುವುದಿಲ್ಲ.

2016ರ ನವೆಂಬರ್ 7ರಂದು ಬೆಂಗಳೂರಿನ ಹತ್ತಿರದ ತಿಪ್ಪಗೊಂಡನಹಳ್ಳಿ ಜಲಾಶಯದಲ್ಲಿ ‘ಮಾಸ್ತಿಗುಡಿ’ ಸಿನಿಮಾದ ಚಿತ್ರೀಕರಣ. ಅನಿಲ್ ಮತ್ತು ಉದಯ್ ಎಂಬ ಇಬ್ಬರು ನಟರು ಹೆಲಿಕಾಪ್ಟರಿನಿಂದ ನೀರಿಗೆ ಹಾರಿದರು. ಲೈಫ್ ಜಾಕೆಟ್ ಇರಲಿಲ್ಲ. ಕ್ಯಾಮೆರಾ ಇತ್ತು. ಇಬ್ಬರೂ ಮುಳುಗಿ ಸತ್ತರು. ಮುಳುಗುವುದನ್ನು ಟಿವಿ ವಾಹಿನಿಗಳು ದಿನವಿಡೀ ತೋರಿಸಿದವು. 2017ರಲ್ಲಿ ಸಿನಿಮಾ ಬಿಡುಗಡೆಯಾಯಿತು. ಇದಕ್ಕೂ ಶಾಪ ಕಾರಣವೆ? ವಿಧಿ ಕಾರಣವೆ?

ಬ್ರೂಸ್ ಲೀಗೆ ಹಾರ ಹಾಕುವವರನ್ನು ನಾನು ಕೇಳುವುದು ಇಷ್ಟೆ. ಸಿನಿಮಾಕ್ಕೆ ಮೈ ಒಡ್ಡುವ ಪ್ರತಿ ಫೈಟರ್‌ಗೂ, ಡ್ಯೂಪ್‌ಗೂ ವಿಮೆ ಮಾಡಿಸದೆ ಕ್ಯಾಮೆರಾ ತಿರುಗಬಾರದು ಎಂದು ಹೋರಾಡಿ. ಆಂಬುಲೆನ್ಸ್ ಇಲ್ಲದ ಕಡೆ, ರಕ್ಷಣೆಯ ಸಾಮಾನು ಇಲ್ಲದ ಕಡೆ ಸಾಹಸ ದೃಶ್ಯ ತೆಗೆದವನನ್ನು ಜೈಲಿಗೆ ಕಳಿಸಿ ಎಂದು ಕೇಳಿ. ಹಾರಿದವನ ಹೆಸರು ಹಾರಿಸಿದವನ ಹೆಸರಿನಷ್ಟೇ ದೊಡ್ಡದಾಗಿ ಪೋಸ್ಟರಿನ ಮೇಲೆ ಬರಲಿ ಎಂದು ಹಟ ಹಿಡಿಯಿರಿ. ಇದನ್ನು ಕೇಳಲು ಒಬ್ಬನ ಮುಷ್ಟಿ ಸಾಲದು, ಸಂಘ ಬೇಕು. ಅದು ಬೇಡ ಎನ್ನುವವರು ಗೋಡೆಯ ಮೇಲಿನ ಪೋಸ್ಟರ್ ಕಿತ್ತು ಹಾಕಲಿ. ಅದನ್ನು ಇಟ್ಟುಕೊಳ್ಳುವ ಹಕ್ಕು ಅವರಿಗಿಲ್ಲ.